ಉಬ್ಬಿದ ಸೆಲ್ಲು

“ಕಣ್ಣು ಎಲ್ಲಿಟ್ಟಿದ್ದೀಯೇ ದರಿದ್ರ ಮುಂಡೆ? ಚೀಟಿ ಸೊಟ್ಟಗೆ ಹೋಗಿದೆ ನೋಡು, ನಿನ್ನ ಮೂತಿ ಹಾಗೇ!”

ಯಜಮಾನರು ಬೀಸಿದ ಬಾಕ್ಸು ಚೀಟಿ ಅಂಟಿಸುವವಳ ಹಣೆಗೆ ಬಡಿದು ನನ್ನ ಕಾಲ ಬಳಿ ಬಿತ್ತು. ಅವಳು ಹಣೆ ಉಜ್ಜಿಕೊಳ್ಳಲಿಲ್ಲ. ಕೈತುಂಬ ಗಮ್ಮು, ಉಜ್ಜಿಕೊಂಡರೆ ಹಣೆಯ ಚರ್ಮವೇ ಕಿತ್ತುಬರುತ್ತದೆ. ಯಜಮಾನರು ಬಗ್ಗಿ ಬಾಕ್ಸನ್ನು ಎತ್ತಿಕೊಂಡು ಅದಕ್ಕೇನಾದರೂ ಪೆಟ್ಟಾಗಿದೆಯೋ ಎಂದು ತಿರುಗಿಸಿ ತಿರುಗಿಸಿ ನೋಡಿದರು. ಮೂಲೆ ನಜ್ಜಿರಲಿಲ್ಲ. ಅವರ ಮುಖಕ್ಕೆ ಜೀವ ಬಂತು.

“ಎಲ್ರೂ ಕೈ ಬಿಟ್ಟು ಇಲ್ಲಿ ನೋಡಿ. ಹೊಸ ಪಾಠ ಬಂದಿದೆ.”

ಅವರು ತಮ್ಮ ಫೋನನ್ನು ಮೇಜಿನ ಮೇಲೆ ನಿಲ್ಲಿಸಿದರು. ಅದರ ವೀಡಿಯೊದಲ್ಲಿ ಕನ್ನಡಕ ಹಾಕಿದ ಒಬ್ಬ ಹುಡುಗ ಎರಡು ಬಾಕ್ಸು ಹಿಡಿದುಕೊಂಡು ನಗುತ್ತಿದ್ದ. ಒಂದು ಅಸಲಿ ಇಯರ್‌ಫೋನು, ಇನ್ನೊಂದು ನಕಲಿ. ಆನ್‌ಲೈನಲ್ಲಿ ಕೊಳ್ಳುವವರು ಮೋಸ ಹೋಗಬಾರದು ಎಂದು ಅವನಿಗೆ ಬಹಳ ಕಾಳಜಿ. ಬೆಲೆ ತೀರಾ ಕಮ್ಮಿ ಇದ್ದರೆ ಅನುಮಾನಪಡಿ ಎಂದ. ಮಾರುವವನ ಹೆಸರು ಯಾವುದು, ಕಂಪನಿಯದೇನಾ ನೋಡಿ ಎಂದ. ಒಂದೇ ದಿನ ಒಂದೇ ಥರದ ಮಾತಲ್ಲಿ ಎಲ್ಲರೂ ಹೊಗಳಿ ಐದೈದು ಸ್ಟಾರ್ ಕೊಟ್ಟಿದ್ದರೆ ನಂಬಬೇಡಿ ಎಂದ. ಬಾಕ್ಸಿನ ಮೇಲಿನ ನಂಬರೂ ಇಯರ್‌ಫೋನು ಇಡುವ ಡಬ್ಬಿಯ ಒಳಗಿನ ನಂಬರೂ ಒಂದೇ ಇರಬೇಕು, ಅಕ್ಷರ ಮಸುಕಾಗಿರಬಾರದು, ಡಬ್ಬಿಯ ಎರಡು ಹೋಳು ಕೂಡಿದ ಹೊಲಿಗೆ ಮೇಲೆ ಉಗುರು ಎಳೆದರೆ ಸಿಕ್ಕಿಕೊಳ್ಳಬಾರದು.

“ನೋಡಿದ್ರಾ? ಈ ಬೋಳಿಮಗ ಊರಿಗೆಲ್ಲ ಡಂಗುರ ಹೊಡೀತಿದ್ದಾನೆ. ಇವನು ಹೇಳಿದ ತಪ್ಪು ಒಂದೇ ಒಂದು ನಮ್ಮ ಮಾಲಲ್ಲಿ ಕಾಣ್ಬಾರ್ದು. ಇವತ್ತಿಂದ ಪ್ರತಿ ಡಬ್ಬಿ ಹೊಲಿಗೆ ಮೇಲೂ ಉಗುರು ಎಳೆದು ನೋಡ್ಬೇಕು. ಸಿಕ್ಕಿದ್ರೆ ಉಜ್ಜಬೇಕು. ತಿಳೀತಾ?”

ಗಮ್ಮಜ್ಜಿ ನನ್ನ ಕಿವಿಯಲ್ಲಿ, “ಆ ಹುಡುಗ ಬಾಯಿ ತೆಗೆದಾಗೆಲ್ಲ ನಮ್ಮ ಸೊಂಟ ಮುರಿಯುತ್ತೆ ಕಣೆ,” ಎಂದಳು. ಅವಳು ನಮ್ಮಲ್ಲೆಲ್ಲ ಹಿರಿಯಳು, ಡಬ್ಬಿಗಳಿಗೆ ಗಮ್ಮು ಹಾಕುವವಳು. ಅವಳು ಹೇಳಿದ್ದು ಸುಳ್ಳಲ್ಲ. ಅವನು ಅಕ್ಷರ ಮಸುಕು ಎಂದ ಮೇಲೆ ಚೀಟಿಯವಳ ಮೇಜಿಗೆ ಭೂತಗನ್ನಡಿ ಬಂತು. ನಕಲಿ ಹಗುರ, ಅಸಲಿ ಕೈಗೆ ಭಾರ ಎಂದ ಮೇಲೆ ನನ್ನ ಕೆಲಸವೇ ಹುಟ್ಟಿತು. ಪ್ರತಿ ಡಬ್ಬಿಯ ತಳದಲ್ಲಿ ಒಂದು ಕಬ್ಬಿಣದ ಚೂರು ಇಟ್ಟು ಅಂಟಿಸುವುದು. ಆಡಿಸಿದರೆ ಅಲುಗಬಾರದು, ಹಿಡಿದರೆ ಭಾರ ಅನ್ನಿಸಬೇಕು. ಅಂದಿನಿಂದ ನನ್ನ ಹೆಸರೇ ತೂಕದಕ್ಕ ಎಂದಾಯಿತು. ಆ ಕನ್ನಡಕದ ಹುಡುಗನಿಗೆ ನಾನು ದಿನಾ ಕೈ ಮುಗಿಯಬೇಕು, ನನ್ನ ಅನ್ನ ಅವನ ಬಾಯಿಂದ ಬಿದ್ದದ್ದು.

ಯಜಮಾನರ ಕಿವಿಯಲ್ಲಿ ಮಾತ್ರ ಯಾವಾಗಲೂ ಅಸಲಿ. ಅದನ್ನು ತೆಗೆದು ನಮಗೆ ತೋರಿಸುವುದೆಂದರೆ ಅವರಿಗೆ ಖುಷಿ. “ಇದು ಅಂಗಡಿಗೆ ಹೋಗಿ ಬಿಲ್ಲು ಹಾಕಿಸ್ಕೊಂಡು ತಂದಿದ್ದು. ಕಿವಿಗೆ ಇಟ್ರೆ ಮುಗೀತು, ಪಕ್ಕದಲ್ಲಿ ಸಿಡಿಲು ಬಿದ್ರೂ ಕೇಳಿಸಲ್ಲ. ಮನೇಲಿ ಹೆಂಡತಿ ಬೈಯೋದೂ ಕೇಳಿಸಲ್ಲ.” ಅವರು ನಕ್ಕರು. ನಾವೂ ನಗಬೇಕಿತ್ತು, ನಕ್ಕೆವು. “ಆಯಮ್ಮನೂ ಒಂದು ಜೊತೆ ತಗೊಂಡಿರ್ತಾಳೆ, ಇವನ ಮಾತು ಕೇಳಿಸ್ದೆ ಇರ್ಲಿ ಅಂತ,” ಎಂದು ಗಮ್ಮಜ್ಜಿ ಗೊಣಗಿದಳು. ಆಗ ನಿಜವಾಗಿಯೂ ನಗು ಬಂತು.

ನಾವು ಕೂರುತ್ತಿದ್ದದ್ದು ನೆಲಮಾಳಿಗೆಯಲ್ಲಿ. ಮೇಲಿನ ಅಂಗಡಿ ಮುಂಗಟ್ಟಿನಲ್ಲಿ ಚಾಪೆ, ಬಕೆಟ್ಟು, ಪ್ಲಾಸ್ಟಿಕ್ ಕುರ್ಚಿ. ಅದರ ಪಕ್ಕದ ಓಣಿಯಲ್ಲಿ ಒಂದು ಶಟರು, ಶಟರಿನ ಹಿಂದೆ ಕೆಳಕ್ಕಿಳಿಯುವ ಮೆಟ್ಟಿಲು. ಮೆಟ್ಟಿಲು ಇಳಿಯುತ್ತಿದ್ದ ಹಾಗೇ ಫೋನಿನ ಸಿಗ್ನಲ್ಲು ಸಾಯುತ್ತದೆ. ಅದು ಸಾಯದಿದ್ದರೂ ನಮಗೇನೂ ಲಾಭವಿರಲಿಲ್ಲ. ನಮ್ಮ ಫೋನುಗಳನ್ನು ಬಾಗಿಲಲ್ಲೇ ಬುಟ್ಟಿಗೆ ಹಾಕಿಸಿಕೊಳ್ಳುತ್ತಿದ್ದರು. ಕಿಟಕಿ ಇಲ್ಲ. ಗಾಳಿ ಎಳೆಯುವ ಫ್ಯಾನು ಗೋಡೆಯಲ್ಲಿದೆ, ಅದು ತಿರುಗಿದ್ದನ್ನು ನೋಡಿದವರಿಲ್ಲ. ನಾವೆಲ್ಲ ಒಳಗೆ ಹೋದ ಮೇಲೆ ಕಾವಲಿನ ತಾತ ಶಟರು ಎಳೆದು ಹೊರಗಿನಿಂದ ಬೀಗ ಹಾಕುತ್ತಿದ್ದ. ಶಟರು ನೆಲಕ್ಕೆ ಬಡಿದ ಸದ್ದಿಗೆ ಅವನ ಕೈ ತಾನಾಗಿ ಬೀಗಕ್ಕೆ ಹೋಗುತ್ತಿತ್ತು, ಕತ್ತು ಬೀದಿಯ ಕಡೆಗೇ ಇರುತ್ತಿತ್ತು. ಯಜಮಾನರು ಒಳಗೆ ಬಂದಾಗ ಮಾತ್ರ ಅದು ಅರ್ಧ ಎತ್ತಿದ ಹಾಗೇ ಇರುತ್ತಿತ್ತು.

ಆ ಕನ್ನಡಕದ ಹುಡುಗ ಎಲ್ಲ ಹೇಳಿದ, ಒಂದನ್ನು ಹೇಳಲಿಲ್ಲ. ಡಬ್ಬಿಯ ಹೊಟ್ಟೆಯೊಳಗೆ ಎಂಥ ಸೆಲ್ಲಿದೆ ಎಂದು ಯಾರೂ ಒಡೆದು ನೋಡುವುದಿಲ್ಲವಲ್ಲ. ಯಜಮಾನರು ಕೈ ಬಿಗಿ ಹಿಡಿದದ್ದು ಅಲ್ಲೇ.

ಸೆಲ್ಲುಗಳು ಗೋಣಿಚೀಲದಲ್ಲಿ ಬರುತ್ತಿದ್ದವು. ಯಾವುದೋ ಹಳೆಯ ಆಟಿಕೆ, ಯಾವುದೋ ಸತ್ತ ಫೋನು, ಯಾರದೋ ಕೈಗಡಿಯಾರ, ಎಲ್ಲದರ ಹೊಟ್ಟೆ ಬಗೆದು ತೆಗೆದವು. ಗುಂಡಿಯಂಥ ಪುಟ್ಟವು ಕಿವಿಯ ತುಂಡಿಗೆ, ಬೆರಳಿನಷ್ಟು ಉದ್ದದವು ಡಬ್ಬಿಗೆ. ಕೆಲವು ಉಬ್ಬಿರುತ್ತಿದ್ದವು. ಮೊದಮೊದಲು ನಾವು ಅವನ್ನು ಬೇರೆ ಇಡುತ್ತಿದ್ದೆವು. ಒಂದು ದಿನ ಯಜಮಾನರು ಆ ಗುಡ್ಡೆ ನೋಡಿದರು.

“ಇದ್ಯಾಕೆ ಇಲ್ಲಿದೆ?”

“ಉಬ್ಬಿದಾವೆ ಯಜಮಾನ್ರೇ,” ಎಂದೆ.

“ಉಬ್ಬಿದ್ರೆ ಹೆಬ್ಬೆರಳಲ್ಲಿ ಒತ್ತಿ ಕೂರ್ಸು. ಇಳಿಯುತ್ತೆ. ಹೆತ್ತ ಮೇಲೆ ನಿನ್ನ ಹೊಟ್ಟೆ ಇಳೀಲಿಲ್ವಾ? ಅಥವಾ ಅದೂ ಇಳೀಲಿಲ್ವಾ, ಸೆರಗು ಸರಿಸು ನೋಡೋಣ.”

ನಾನು ತಲೆ ತಗ್ಗಿಸಿ ಒತ್ತಿದೆ. ಆವತ್ತು ಮೊದಲ ಸಲ ಆ ವಾಸನೆ ಬಂತು. ಬಾಳೆಹಣ್ಣು ಕೊಳೆಯಲು ಶುರುವಾದಾಗ ಬರುತ್ತದಲ್ಲ, ಅಂಥ ಸಿಹಿ ವಾಸನೆ, ಅದರ ಹಿಂದೆ ಮೂಗು ಚುರುಗುಟ್ಟಿಸುವ ಏನೋ ಒಂದು. ಸೆಲ್ಲಿನ ಚರ್ಮ ಎಲ್ಲೋ ಒಡೆದಿದೆ ಎಂದು ಅದರ ಅರ್ಥ. ಆಮೇಲೆ ಅದು ಬೆಚ್ಚಗಾಗುತ್ತದೆ. ಕೆಲವು ಅಲ್ಲಿಗೇ ಸುಮ್ಮನಾಗುತ್ತವೆ, ಕೆಲವು ಹೊಗೆಯಾಡುತ್ತವೆ. ಹಾಗೆ ಬೆಚ್ಚಗಾದದ್ದನ್ನು ನಾವು ಮರಳು ತುಂಬಿದ ಬಾಂಡ್ಲಿಗೆ ಎಸೆದು ಮೇಲೆ ಮರಳು ಎಳೆಯುತ್ತಿದ್ದೆವು. ಯಜಮಾನರು ಮೈತುಂಬ ಸೆಂಟು ಹಾಕಿಕೊಂಡು ಬರುತ್ತಿದ್ದರು. ಅವರಿಗೆ ಈ ವಾಸನೆ ಯಾವತ್ತೂ ತಿಳಿಯಲಿಲ್ಲ.

ಮಾರಿದ ಮಾಲು ಕೆಲವು ಸಲ ವಾಪಸ್ಸು ಬರುತ್ತಿತ್ತು. ಅದನ್ನು ಒರೆಸಿ, ಹೊಸ ಚೀಟಿ ಹಚ್ಚಿ, ಮತ್ತೆ ಕಳಿಸುವುದು. ಒಂದು ಡಬ್ಬಿ ಹಾಗೆ ಬಂದದ್ದು ಒಂದು ಕಡೆ ಕರಗಿಹೋಗಿತ್ತು. ಕಿವಿಯ ತುಂಡಿಗೆ ಉದ್ದನೆಯ ಕೂದಲು ಅಂಟಿಕೊಂಡಿತ್ತು, ನಾಲ್ಕಾರು ಎಳೆ, ಬುಡ ಸಮೇತ. ಹೆಂಗಸೋ, ಎಳೆಯ ಹುಡುಗಿಯೋ, ಮಲಗಿದ್ದಳೋ ಏನೋ. ನಾವೆಲ್ಲ ಅದನ್ನು ಒಬ್ಬರ ಕೈಯಿಂದ ಒಬ್ಬರ ಕೈಗೆ ಕೊಟ್ಟು ನೋಡಿದೆವು.

“ಏನು ದರ್ಶನ ನಡೀತಿದೆ?” ಎಂದು ಯಜಮಾನರು ಕಸಿದುಕೊಂಡರು. ನೋಡಿದರು. “ಹೊರಗಿನ ಡಬ್ಬಿ ಬಿಸಾಕಿ. ಒಳಗಿನ ಸೆಲ್ಲು ಚೆನ್ನಾಗಿದ್ರೆ ಇನ್ನೊಂದಕ್ಕೆ ಹಾಕಿ.”

ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವಳು ನನ್ನ ವಾರಗಿತ್ತಿ, ಗಂಡನ ತಮ್ಮನ ಹೆಂಡತಿ. ಎಲ್ಲ ಮುಗಿದ ಇಯರ್‌ಫೋನನ್ನು ಕಿವಿಗೆ ಇಟ್ಟು ‘ಟುಣ್’ ಎನ್ನುತ್ತದೆಯೇ ಎಂದು ಕೇಳಿ ನೋಡುವುದು ಅವಳ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಟುಣ್, ಟುಣ್. ಎಲ್ಲರೂ ಅವಳನ್ನು ಕಿವಿಯಮ್ಮ ಎನ್ನುತ್ತಿದ್ದರು. ಅಣ್ಣ ತಮ್ಮ ಇಬ್ಬರೂ ಬೇರೆ ಊರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ನಾವಿಬ್ಬರು ಒಂದೇ ಕೋಣೆಯ ಮನೆಯಲ್ಲಿ ಎರಡು ಒಲೆ ಹೂಡಿದ್ದೆವು. ನೀರು ಹಿಡಿಯುವ ಸರದಿಗೆ ಜಗಳವಾಗಿ ಮಾತು ಬಿಟ್ಟಿದ್ದೆವು. ಮನೆಯಲ್ಲಿ ಅವಳು ಆ ಗೋಡೆ, ನಾನು ಈ ಗೋಡೆ. ಕೆಲಸಕ್ಕೆ ಬಂದರೆ ಮೊಣಕೈಗೆ ಮೊಣಕೈ ತಾಗುತ್ತಿತ್ತು, ಎಷ್ಟೆಂದು ಬಾಯಿ ಹೊಲಿದುಕೊಂಡಿರುವುದು? ಅಲ್ಲಿ ಮಾತ್ರ ಹರಟುತ್ತಿದ್ದೆವು, ಮನೆಗೆ ಬಂದ ಕೂಡಲೇ ಮತ್ತೆ ಮುಖ ತಿರುಗಿಸುತ್ತಿದ್ದೆವು. ಅವಳೇ ಒಮ್ಮೆ ನಕ್ಕು, “ನಮ್ಮ ಜಗಳಕ್ಕೂ ಶಿಫ್ಟು ಇದೆ ನೋಡು ಅಕ್ಕಾ,” ಎಂದಿದ್ದಳು.

ಆ ದಿನವೂ ನಗುತ್ತಲೇ ಇದ್ದಳು. ಬಲಗಿವಿಗೆ ಒಂದನ್ನು ಇಟ್ಟುಕೊಂಡು, “ಇದು ಬಿಸಿ ಇದೆ ಕಣೆ ಅಕ್ಕ,” ಎಂದಳು. ನಾನು “ತೆಗಿಯೇ” ಎನ್ನುವಷ್ಟರಲ್ಲಿ ಟುಣ್ ಎನ್ನಲಿಲ್ಲ, ಪಟ್ ಎಂದಿತು. ಅಷ್ಟೇ ಸದ್ದು. ದೊಡ್ಡದೇನಲ್ಲ, ಮಕ್ಕಳು ಬಲೂನು ಒಡೆದಷ್ಟು. ನಗುತ್ತಿದ್ದ ಅವಳ ಬಾಯಿ ಹಾಗೇ ತೆರೆದುಕೊಂಡಿತ್ತು. ಕತ್ತಿನ ಮೇಲೆ ಹೊಗೆ ಇಳಿಯಿತು, ಹಿಂದೆಯೇ ರಕ್ತ.

ನಾವು ಮೆಟ್ಟಿಲು ಹತ್ತಿ ಶಟರು ಬಡಿದೆವು. ಕೈಗೆ ಸಿಕ್ಕಿದ್ದರಲ್ಲಿ ಬಡಿದೆವು. ಬೀಗ ತೆಗೆಯಬಾರದು ಎಂದು ತಾತನಿಗೆ ಆಗಲೂ ಹೇಳಿಟ್ಟಿದ್ದರು. ಆದರೆ ಅವನಿಗೆ ನಮ್ಮ ಕೂಗು ಕೇಳಿ ತಡೆಯಲಾಗಲಿಲ್ಲ, ತೆಗೆದುಬಿಟ್ಟ. ನಾವು ಅವಳನ್ನು ಎತ್ತಿಕೊಂಡು ಓಣಿಗೆ ಬಂದೆವು. ದಾರಿಯ ಜನ ನಿಂತು ನೋಡಿದರು. ಕೆಲವರು ಫೋನು ಎತ್ತಿ ಹಿಡಿದರು.

ಯಜಮಾನರು ಕಾರಿನಲ್ಲಿ ಬಂದರು. ಇಳಿದವರೇ ಮೊದಲು ಮಾಡಿದ್ದು ತಾತನ ಕೆನ್ನೆಗೆ ಹೊಡೆದದ್ದು.

“ಬೇವರ್ಸಿ ಮುದುಕಾ, ತೆಗಿ ಅಂದೋರು ಯಾರೋ? ಬೀದಿಗೆಲ್ಲ ಪ್ರದರ್ಶನ ಇಟ್ಯಾ? ಕೇಳಿಸ್ಕೋ. ಇನ್ಮೇಲೆ ಒಳಗಿಂದ ಯಾರೇ ಬಡೀಲಿ, ಯಾರೇ ಕೂಗ್ಲಿ, ಅವರಪ್ಪನೇ ಕೂಗ್ಲಿ, ತೆಗೀಬಾರ್ದು. ನಾನು ಹೊರಗಿಂದ ಬಂದು ಎದುರಿಗೆ ನಿಂತು ತೆಗಿ ಅಂದ್ರೆ ಮಾತ್ರ ತೆಗೀಬೇಕು. ಹೇಳು, ಏನಂದೆ ನಾನು?”

ತಾತ ಕೆನ್ನೆ ಹಿಡಿದುಕೊಂಡು ಒಪ್ಪಿಸಿದ. “ಒಳಗಿಂದ ಯಾರೇ ಕೂಗಿದ್ರೂ ತೆಗೀಬಾರ್ದು.”

“ಇನ್ನೊಂದ್ಸಲ.”

“ಒಳಗಿಂದ ಯಾರೇ ಕೂಗಿದ್ರೂ ತೆಗೀಬಾರ್ದು ಸ್ವಾಮಿ.”

ಆಮೇಲೆ ಅವರು ನನ್ನ ವಾರಗಿತ್ತಿಯ ಕಡೆ ತಿರುಗಿದರು. ಅವಳು ಅಂಗಡಿಯ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದಳು, ನನ್ನ ಸೆರಗು ಅವಳ ಕಿವಿಯಲ್ಲಿ ನೆನೆದಿತ್ತು. “ಬೀಳಿಸಿರ್ತಾಳೆ. ಬೀಳಿಸಿದ್ರೆ ಯಾವ ಮಾಲಾದ್ರೂ ಸಿಡಿಯುತ್ತೆ,” ಎಂದರು. “ಅಳಬೇಡ. ಒಂದು ಕಿವಿ ಹೋದ್ರೆ ಇನ್ನೊಂದಿದೆ. ದೇವರು ಎರಡೆರಡು ಯಾಕೆ ಕೊಟ್ಟಿರೋದು ಮತ್ತೆ?”

ಯಾರೋ ಹಿಡಿದ ಚಿತ್ರ ಎಲ್ಲೋ ಹೋಗಿ ಮುಟ್ಟಿರಬೇಕು. ಮಾರನೆಯ ಬೆಳಗ್ಗೆ ತನಿಖೆಯ ಸಾಹೇಬರು ಬಂದರು. ನಮ್ಮನ್ನೆಲ್ಲ ಗೋಡೆಗೆ ಸಾಲಾಗಿ ನಿಲ್ಲಿಸಿದರು. ಗಮ್ಮಜ್ಜಿಗೆ ಮಂಡಿನೋವು, ಕೂರಲು ಹೋದಳು. “ಏಯ್, ಎದ್ದು ನಿಲ್ಲು! ನಿಮ್ಮಪ್ಪನ ಮನೆ ಜಗುಲಿನಾ?” ಎಂದರು. ಅವರಿಗೂ ಅವಳ ವಯಸ್ಸಿನ ತಾಯಿ ಇದ್ದಿರಬಹುದು.

“ಇಲ್ಲೇನು ಮಾಡ್ತೀರಿ?”

ಆಟದ ಸಾಮಾನು ಎನ್ನಬೇಕೆಂದು ನಮಗೆ ಹೇಳಿಕೊಟ್ಟಿದ್ದರು. ನಾನು ಹೇಳಲಿಲ್ಲ. “ಇಯರ್‌ಫೋನು ಸಾಹೇಬ್ರೆ. ಉಬ್ಬಿದ ಸೆಲ್ಲು ಹಾಕ್ತಾರೆ. ನಮ್ಮನ್ನ ಒಳಗಿಟ್ಟು ಹೊರಗಿಂದ ಬೀಗ ಹಾಕ್ತಾರೆ. ನಿನ್ನೆ ನಮ್ಮ ಹುಡುಗಿ ಕಿವಿ ಹೋಯ್ತು.”

ಸಾಹೇಬರು ಮೇಜಿನಿಂದ ಒಂದು ಡಬ್ಬಿ ಎತ್ತಿ ಕೈಯಲ್ಲಿ ತೂಗಿ ನೋಡಿದರು. “ಇದಕ್ಕೆ ತೂಕದ ಚೂರು ಅಂಟಿಸೋದು ಯಾರು?”

“ನಾನೇ.”

“ಅಂದ್ರೆ ನಕಲಿ ಅಂತ ಗೊತ್ತಿದ್ದೇ ಮಾಡ್ತಿದ್ದೀಯ. ಜನರಿಗೆ ಮೋಸ ಮಾಡೋ ಕೈ ನಿಂದು. ಕೇಸು ಹಾಕಿದ್ರೆ ಮೊದಲು ಯಾರನ್ನ ಒಳಗೆ ಹಾಕ್ತೀವಿ ಗೊತ್ತಾ? ನಿನ್ನ. ಯಜಮಾನ್ರಿಗೆ ಇಲ್ಲಿ ಏನು ನಡೆಯುತ್ತೆ ಅಂತ ಗೊತ್ತೂ ಇಲ್ಲ ಅಂತಾರೆ ಅವರು.”

ಯಜಮಾನರು ಪಕ್ಕದಲ್ಲೇ ನಿಂತಿದ್ದರು, ನಿಜವಾಗಿಯೂ ಏನೂ ಗೊತ್ತಿಲ್ಲದವರ ಮುಖ ಮಾಡಿಕೊಂಡು. ಇಬ್ಬರೂ ಮೇಲೆ ಹೋದರು. ಕುಡಿಯುವ ಲೋಟಗಳ ಸದ್ದು ಕೇಳಿಸಿತು, ನಗು ಕೇಳಿಸಿತು. ಹೋಗುವಾಗ ಸಾಹೇಬರು ಮಗಳಿಗೆ ಒಂದು ಜೊತೆ ಇಯರ್‌ಫೋನು ಕೇಳಿದರಂತೆ. ಯಜಮಾನರು ಸಿದ್ಧವಾಗಿದ್ದ ಗುಡ್ಡೆಗೆ ಕೈ ಹಾಕಿದವರು ತಡೆದು, ಆಳನ್ನು ಕರೆದು, ಅಂಗಡಿಗೆ ಹೋಗಿ ಅಸಲಿ ತರಲು ಕಳಿಸಿದರಂತೆ. ಮೇಲೆ ಗುಡಿಸುವವಳು ಬಂದು ಹೇಳಿದಳು. ನಮಗೆ ಇನ್ನೇನೂ ತಿಳಿಯಬೇಕಾಗಿರಲಿಲ್ಲ.

ಮನೆಯಲ್ಲಿ ಅವಳ ಒಲೆ ತಣ್ಣಗಿತ್ತು. ನಾನು ನನ್ನ ಒಲೆಯ ಮೇಲೆ ಇಬ್ಬರಿಗೂ ಬೇಯಿಸಿದೆ. ಜಗಳ ಬಿಟ್ಟೆವೆಂದು ಯಾರೂ ಹೇಳಲಿಲ್ಲ, ಅನ್ನಕ್ಕೆ ಅಕ್ಕಿ ಹೆಚ್ಚು ಹಾಕಿದೆ ಅಷ್ಟೇ. ಆಸ್ಪತ್ರೆಯವರು ಬಲಗಿವಿಯ ಆಸೆ ಬಿಡಿ ಎಂದಿದ್ದರು. ಪಟ್ಟಿ ಸುತ್ತಿದ ತಲೆಯನ್ನು ಗೋಡೆಗೆ ಆನಿಸಿ ಅವಳು ಕೂತಿದ್ದಳು.

“ಕೇಳಿಸ್ತಾ ಇಲ್ಲ ಅಂತಾರೆ, ಸುಳ್ಳು ಅಕ್ಕ. ಅದು ಒಳಗೇ ಕೂತಿದೆ. ಟುಣ್ ಅಂತಾನೇ ಇದೆ, ನಿಲ್ತಾನೇ ಇಲ್ಲ.”

ಅವಳ ಕುರ್ಚಿಗೆ ನನ್ನನ್ನು ಕೂರಿಸಿದರು. ನನಗೆ ಹೆದರಿಕೆಯಾಯಿತು. ಸುಳ್ಳೇಕೆ ಹೇಳಲಿ, ಪ್ರತಿಯೊಂದನ್ನೂ ಮೊದಲು ಮೂಗಿಗೆ ಹಿಡಿದು ಮೂಸುತ್ತಿದ್ದೆ, ಆಮೇಲೆ ಕೆನ್ನೆಗೆ ಒತ್ತಿ ಬಿಸಿ ನೋಡುತ್ತಿದ್ದೆ, ಆಮೇಲೆ ಕಿವಿ. ಸಿಹಿ ವಾಸನೆ ಬಂದದ್ದನ್ನು ಕಿವಿಗೆ ಇಡದೆ ಹಿಂದಿನ ಗೋಡೆಯ ಪಕ್ಕದ ದೊಡ್ಡ ಟ್ರೇಗೆ ಹಾಕುತ್ತಿದ್ದೆ. ಬಿಸಿಯಾದದ್ದು ಮರಳಿಗೆ. ನನ್ನ ಹಟ ನೋಡಿ ಮಿಕ್ಕವರೂ ಉಬ್ಬಿದ್ದನ್ನು ಒತ್ತುವುದು ಬಿಟ್ಟು ಆ ಟ್ರೇಗೇ ಹಾಕತೊಡಗಿದರು. ಟ್ರೇ ತುಂಬುತ್ತ ಬಂತು.

ನಾವು ಯಜಮಾನರನ್ನು ಕೇಳಿದ್ದು ಒಂದೇ. ಕೂಲಿ ಹೆಚ್ಚು ಮಾಡಿ ಎನ್ನಲಿಲ್ಲ. ಒಳ್ಳೆ ಸೆಲ್ಲು ತನ್ನಿ ಎಂದರೆ ಅವರಿಗೆ ತಮಾಷೆಯಾದೀತು, ಅದನ್ನೂ ಕೇಳಲಿಲ್ಲ. ಶಟರಿನ ಬೀಗ ಒಂದು ಹಾಕಬೇಡಿ, ಬೆಂಕಿ ಹತ್ತಿದರೆ ಓಡಲು ದಾರಿ ಇರಲಿ ಎಂದೆವು. ಗಮ್ಮಜ್ಜಿ ಅವರ ಕಾಲು ಮುಟ್ಟಲು ಬಗ್ಗಿದಳು. ಅವರು ಕಾಲು ಹಿಂದೆಳೆದುಕೊಂಡರು, ಅವಳ ಕೈಗೆ ಗಮ್ಮು ಇತ್ತು, ಶೂಗೆ ಹತ್ತೀತೆಂದು.

“ಬೀಗ ಇಲ್ದಿದ್ರೆ ಒಂದೊಂದು ಜೊತೆ ಸೊಂಟಕ್ಕೆ ಸಿಕ್ಕಿಸ್ಕೊಂಡು ಹೋಗ್ತೀರಿ. ನಿಮ್ಮ ಜಾತಿ ನಂಗೆ ಗೊತ್ತಿಲ್ವಾ? ವರ್ಷದ ದೊಡ್ಡ ಸೇಲು ಬರ್ತಿದೆ. ಅದು ಮುಗಿಯೋವರೆಗೆ ಬೀಗದ ಮಾತು ಎತ್ತಿದೋರು ಮನೆಗೆ.”

ಸೇಲಿಗೆ ಮಾಲು ಹೋಗಬೇಕಾದ ದಿನ, ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಯಜಮಾನರು ಇಳಿದು ಬಂದರು. ಕಿವಿಯಲ್ಲಿ ಅಸಲಿ, ಯಾವುದೋ ಹಳೆಯ ಹಾಡು ಗುನುಗುತ್ತಿದ್ದರು. ಹಿಂದಿನ ಗೋಡೆಯ ಟ್ರೇ ಕಣ್ಣಿಗೆ ಬಿತ್ತು. ಹಾಡು ನಿಂತಿತು.

“ಇಷ್ಟೊಂದು ಮಾಲು ಇಲ್ಲಿ ಯಾಕೆ ಬಿದ್ದಿದೆ?” ಕಿವಿಯಿಂದ ಒಂದನ್ನು ತೆಗೆದು ನನ್ನ ಮುಂದೆ ಬಂದು ನಿಂತರು. “ಇದನ್ನೆಲ್ಲ ಪಾಸು ಮಾಡದೆ ಯಾಕೆ ಇಟ್ಟಿದ್ದೀಯ?”

“ಅವೆಲ್ಲ ವಾಸನೆ ಬರ್ತಿವೆ ಯಜಮಾನ್ರೇ. ಕಿವಿಗೆ ಇಡೋಕೆ ಆಗಲ್ಲ.”

“ನಿನ್ನ ಕಿವಿಗಾ? ಕೊಳ್ಳೋನು ತನ್ನ ಕಿವಿಗೆ ಇಟ್ಕೊಳ್ತಾನೆ, ನಿಂಗ್ಯಾಕೇ ನೋವು?”

ಟ್ರೇಯಿಂದ ಒಂದು ಜೊತೆ ಎತ್ತಿ ಅವರ ಮುಂದೆ ಹಿಡಿದೆ. “ನೀವು ಒಂದ್ಸಲ ಇಟ್ಕೊಳ್ಳಿ. ನೀವು ಇಟ್ಕೊಂಡ್ರೆ ಆ ಟ್ರೇ ಪೂರ್ತಿ ನಾನು ಇಟ್ಕೊಂಡು ಕೇಳ್ತೀನಿ.”

ಎಲ್ಲರ ಕೈ ನಿಂತಿತು. ಯಜಮಾನರು ನನ್ನ ಅಂಗೈ ನೋಡಿದರು. ಅದನ್ನು ಮುಟ್ಟಲಿಲ್ಲ. ಹಿಂದಕ್ಕೂ ಸರಿಯಲಿಲ್ಲ. ಎಡಗೈಯಿಂದ ನನ್ನ ಬಾಯಿಗೆ ಹೊಡೆದರು. ಹಲ್ಲು ತುಟಿಗೆ ತಾಗಿ ರಕ್ತ ಬಂತು, ಇಯರ್‌ಫೋನು ಮೇಜಿನ ಕೆಳಗೆ ಉರುಳಿತು.

“ಲೌಡಿ ಮುಂಡೆ, ನಂಗೆ ಪರೀಕ್ಷೆ ಇಡ್ತೀಯಾ? ಕೂತ್ಕೊಂಡು ಎಲ್ಲ ನೋಡು. ನಾನೇ ನಿಂತು ಆರಿಸಿ ಕೊಡ್ತೀನಿ. ಆಮೇಲೆ ಬೀಗ ಹಾಕಿಸ್ಕೊಂಡು ಹೋಗ್ತೀನಿ, ಅಷ್ಟೂ ಮುಗಿಯೋವರೆಗೆ ಒಬ್ಬಳೂ ಹೊರಗೆ ಬರೋ ಹಾಗಿಲ್ಲ. ಉಚ್ಚೆ ಬಂದ್ರೆ ಇಲ್ಲೇ ಹೊಯ್ಕೊಳ್ಳಿ.”

ತೆಗೆದದ್ದನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು, ನಮಗೆ ಬೆನ್ನು ಹಾಕಿ, ಅವರು ಆ ಟ್ರೇಯ ಮೇಲೆ ಬಗ್ಗಿದರು. ಉಬ್ಬಿದ ಒಂದೊಂದನ್ನೇ ಎತ್ತಿ ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿ ಪಕ್ಕದ ಬುಟ್ಟಿಗೆ ಎಸೆಯತೊಡಗಿದರು. ಮತ್ತೆ ಗುನುಗಲು ಶುರುಮಾಡಿದರು.

ಮೊದಲು ವಾಸನೆ ಹಿಡಿದವಳು ಗಮ್ಮಜ್ಜಿ. ಅವಳು ನನ್ನ ಮುಖ ನೋಡಿದಳು. ನನ್ನ ಬಾಯಲ್ಲಿ ರಕ್ತದ ರುಚಿ, ಆದರೂ ನನ್ನ ಮೂಗಿಗೂ ಬಂತು. ಬಾಳೆಹಣ್ಣು. ಒಂದೆರಡರದಲ್ಲ, ಒಂದು ಬುಟ್ಟಿಯದು.

“ಯಜಮಾನ್ರೇ,” ಎಂದೆ.

ಗುನುಗು ನಿಲ್ಲಲಿಲ್ಲ.

“ಯಜಮಾನ್ರೇ!” ಎಂದು ಗಮ್ಮಜ್ಜಿ ಕೂಗಿದಳು. ಪಕ್ಕದಲ್ಲಿ ಸಿಡಿಲು ಬಿದ್ದರೂ ಕೇಳದಂಥ ಮಾಲು ಅದು, ಬಿಲ್ಲು ಹಾಕಿಸಿ ತಂದದ್ದು. ಅವರ ತಲೆ ಹಾಡಿನ ತಾಳಕ್ಕೆ ಅಲುಗುತ್ತಿತ್ತು.

ಅವರ ಬೆನ್ನು ಮುಟ್ಟಿ ಕರೆಯಬಹುದಿತ್ತು. ಕೈ ಚಾಚಿದರೆ ಸಿಗುತ್ತಿತ್ತು ಆ ಬೆನ್ನು. ನಾನು ಚಾಚಲಿಲ್ಲ. ಚೀಟಿಯವಳು ಎದ್ದಳು. ಅವಳ ಹಿಂದೆ ಇನ್ನೊಬ್ಬಳು. ಚಪ್ಪಲಿ ಕೈಯಲ್ಲಿ ಹಿಡಿಯಬೇಕಾಗಿಯೂ ಇರಲಿಲ್ಲ, ಆದರೂ ಹಿಡಿದುಕೊಂಡರು. ಒಬ್ಬೊಬ್ಬರೇ ಮೆಟ್ಟಿಲು ಹತ್ತಿ, ಅರ್ಧ ಎತ್ತಿದ ಶಟರಿನ ಕೆಳಗೆ ನುಸುಳಿ ಬೆಳಕಿಗೆ ಹೋದರು. ಗಮ್ಮಜ್ಜಿಯ ಮಂಡಿ ಏಳಲಿಲ್ಲ. ನಾನು ಅವಳ ಕಂಕುಳಿಗೆ ಕೈ ಕೊಟ್ಟು ಮೇಲಕ್ಕೆ ತಂದೆ. ಕೊನೆಯ ಮೆಟ್ಟಿಲಲ್ಲಿ ತಿರುಗಿ ನೋಡಿದೆ. ಅವರು ಇನ್ನೂ ಒತ್ತುತ್ತಿದ್ದರು.

ಹೊರಗೆ ಬಂದು ಶಟರಿನ ಹಿಡಿ ಹಿಡಿದು ಎಳೆದೆ. ಅದು ನೆಲಕ್ಕೆ ಬಡಿಯಿತು. ತಾತನ ಕೈ ಎಂದಿನ ಹಾಗೆ ಬಂದು ಬೀಗ ಒತ್ತಿತು. ಆಮೇಲೆ ಅವನು ಕತ್ತು ತಿರುಗಿಸಿ ನಮ್ಮನ್ನೆಲ್ಲ ನೋಡಿದ. ನಾವೆಲ್ಲ ಹೊರಗಿದ್ದೆವು. ಅವನು ನನ್ನ ತುಟಿ ನೋಡಿದ. ತನ್ನ ಕೆನ್ನೆ ಸವರಿಕೊಂಡ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಸದ್ದು ಬಂತು, ಕಿವಿಯ ಅಸಲಿ ಕಿತ್ತುಕೊಂಡಿರಬೇಕು.

“ಯಾರೋ ಶಟರ್ ಹಾಕಿದ್ದು? ಲೋ ಮುದುಕಾ! ತೆಗಿಯೋ!”

ತಾತ ಸ್ಟೂಲಿನಿಂದ ಏಳಲಿಲ್ಲ. “ಒಳಗಿಂದ ಯಾರೇ ಕೂಗಿದ್ರೂ ತೆಗೀಬಾರ್ದು ಅಂತ ಅಪ್ಪಣೆ ಆಗಿದೆ.”

“ನಾನು ಕಣೋ ಬೇವರ್ಸಿ! ನಾನು ಯಜಮಾನ!”

“ಅಸಲಿ ಯಜಮಾನ್ರು ಹೊರಗಿಂದ ಬಂದು ಎದುರಿಗೆ ನಿಂತು ಹೇಳ್ತಾರೆ ಸ್ವಾಮಿ. ಒಳಗಿರೋರು ಅಸಲಿನೋ ನಕಲಿನೋ ನಂಗೇನು ಗೊತ್ತು?”

ಚೀಟಿಯವಳು ಬಾಯಿಗೆ ಸೆರಗು ಒತ್ತಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ. ಶಟರು ಒಳಗಿನಿಂದ ಅದುರಿತು, ಬೈಗುಳ ಬಂತು, ಅದರಲ್ಲಿ ನಮ್ಮ ಅಮ್ಮಂದಿರೆಲ್ಲ ಬಂದು ಹೋದರು. ನಾನು ಶಟರಿನ ಹತ್ತಿರ ಬಗ್ಗಿದೆ.

“ಯಜಮಾನ್ರೇ, ವಾಸನೆ ಬರ್ತಿದೆಯಾ? ಸಿಹಿ ವಾಸನೆ?”

ಬಡಿತ ನಿಂತಿತು. ಮೂಗು ಎಳೆದುಕೊಂಡ ಸದ್ದು ಕೇಳಿಸಿತು, ಒಮ್ಮೆ, ಇನ್ನೊಮ್ಮೆ.

“ಏನದು?” ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. “ಏಯ್, ಏನದು? ಬುಟ್ಟಿಯಿಂದ ಹೊಗೆ ಬರ್ತಿದೆ. ತೂಕದಕ್ಕಾ, ತೆಗಿಸಮ್ಮ. ನಿನ್ನ ತಂಗಿ ಅಂದ್ಕೋ, ಅಲ್ಲ, ತಮ್ಮ ಅಂದ್ಕೋ. ಏನ್ ಮಾಡ್ಬೇಕು ಹೇಳು.”

“ಮೂಲೇಲಿ ಮರಳಿದೆ. ಬುಟ್ಟಿ ಮೇಲೆ ಸುರೀರಿ,” ಎಂದಳು ಗಮ್ಮಜ್ಜಿ. ಹೇಳಿ ನನ್ನ ಕಡೆ ನೋಡಿದಳು. ಆ ಮರಳು ಒಂದು ಬಾಂಡ್ಲಿಯಷ್ಟು ಮಾತ್ರ ಎಂದು ಇಬ್ಬರಿಗೂ ಗೊತ್ತಿತ್ತು.

ಆಗ ಓಣಿಯ ತುದಿಯಿಂದ ನನ್ನ ವಾರಗಿತ್ತಿ ಬಂದಳು. ಈಗೀಗ ಅವಳೇ ಅಡುಗೆ ಮಾಡಿ ನನಗೆ ಊಟ ತರುತ್ತಿದ್ದಳು. ತಲೆಗೆ ಪಟ್ಟಿ, ಕೈಯಲ್ಲಿ ಡಬ್ಬಿ. ನಾವೆಲ್ಲ ಹೊರಗೆ ನಿಂತದ್ದು ನೋಡಿ ಅವಳ ನಡೆ ನಿಧಾನವಾಯಿತು. ನೆಟ್ಟಗಿದ್ದ ಎಡಗಿವಿ ನನ್ನ ಕಡೆ ತಿರುಗಿಸಿ, “ಒಳಗೆ ಯಾರಕ್ಕ?” ಎಂದಳು.

ನಾನು ಹೇಳಿದೆ.

ತಾತ ಎದ್ದ. ಸೊಂಟದ ದಾರದಿಂದ ಬೀಗದ ಕೈ ಬಿಚ್ಚಿ ಅವಳ ಅಂಗೈಯಲ್ಲಿ ಇಟ್ಟ. ಅವಳು ಊಟದ ಡಬ್ಬಿಯನ್ನು ನೆಲಕ್ಕಿಟ್ಟಳು. ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಶಟರಿನ ಮುಂದೆ ಮಂಡಿಯೂರಿದಳು. ಒಳಗೆ ಎರಡೂ ಕೈಯಲ್ಲಿ ಬಡಿಯುತ್ತಿದ್ದರು, ಕೆಮ್ಮುತ್ತಿದ್ದರು, ಅಮ್ಮಾ ಎನ್ನುತ್ತಿದ್ದರು. ಶಟರಿನ ಕೆಳಗಿನ ಸಂದಿನಿಂದ ಸಿಹಿ ವಾಸನೆ ಓಣಿಗೆ ಬರುತ್ತಿತ್ತು.

ಅವಳು ಪಟ್ಟಿಯನ್ನು ಸ್ವಲ್ಪ ಮೇಲೆ ಸರಿಸಿ, ತಲೆ ವಾಲಿಸಿ, ಬಲಗಿವಿಯನ್ನು ಶಟರಿಗೆ ಒತ್ತಿ ಹಿಡಿದಳು. ಬಹಳ ಹೊತ್ತು ಹಾಗೇ ಇದ್ದಳು.

“ನಂಗೇನೂ ಕೇಳಿಸ್ತಾ ಇಲ್ವಲ್ಲ ಅಕ್ಕ,” ಎಂದಳು.